ಪಶ್ಚಿಮಕ್ಕೆ ರಸ್ತೆ

ಕ್ರಯಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಎಂದು ನಾಲ್ಕು ಸಾಲು ಇರುತ್ತದೆ. ನನ್ನದರಲ್ಲಿ ಇರುವುದು ಹೀಗೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೂ ದಕ್ಷಿಣಕ್ಕೂ ಬೇರೆಯವರ ಜಮೀನು. ನಡುವೆ ಉಳಿದ 2 ಎಕರೆ 3 ಗುಂಟೆಗೆ ನಾನು ಮಾಲೀಕ. ಮೂವತ್ತು ವರ್ಷ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನಾನು, ರಿಜಿಸ್ಟ್ರೇಷನ್ ಆದ ರಾತ್ರಿ ಈ ನಾಲ್ಕು ಸಾಲನ್ನು ಮಂತ್ರದಂತೆ ಓದಿದೆ. ಓದಿದ್ದೇ ಬಂತು. ಅದರಲ್ಲೊಂದು ಸಾಲು ಅರ್ಥವಾಗಲು ಒಂದು ಬೆಳೆ ಕಳೆಯಬೇಕಾಯಿತು.

ತಪ್ಪು ಜುಲೈ ತಿಂಗಳದು. ಆ ತಿಂಗಳಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟು ಗುಂಡ್ಲುಪೇಟೆ ದಾಟಿದವರು ಯಾರೂ ಸರಿಯಾದ ಬುದ್ಧಿಯಲ್ಲಿ ವಾಪಸು ಬರುವುದಿಲ್ಲ. ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಚೆಂಡುಹೂ, ಮೇಲೆ ಮೋಡ, ದೂರದಲ್ಲಿ ಬಂಡೀಪುರದ ಕಾಡು. ಕಾರಿನ ಕಿಟಕಿ ಇಳಿಸಿ, "ಇಲ್ಲೊಂದು ತುಂಡು ಹೊಲ ಇದ್ದಿದ್ದರೆ!" ಎಂದುಬಿಟ್ಟೆ. ಮೊದಲಾಗಿದ್ದರೆ ಕಾನೂನೇ ನನ್ನನ್ನು ಕಾಪಾಡುತ್ತಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಬೇಸಾಯಗಾರನಲ್ಲದವನನ್ನು ಹೊಲದ ಹತ್ತಿರ ಸುಲಭಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. 2020ರ ತಿದ್ದುಪಡಿಯಲ್ಲಿ ಅವು ಹೋದವು. ಅಡ್ಡ ಹಾಕಲು ಉಳಿದವಳು ಹೆಂಡತಿ ಒಬ್ಬಳೇ. "ನಮ್ಮಪ್ಪ ನಿಮ್ಮನ್ನ ನೋಡಕ್ಕೆ ಬಂದಾಗ, ಹುಡುಗನಿಗೆ ಹೊಲಗದ್ದೆ ಏನಾದರೂ ಇದೆಯಾ ಅಂತ ಕೇಳಿದ್ದರು. ಅವರು ಹೋಗಿ ಹದಿನೆಂಟು ವರ್ಷ ಆದ ಮೇಲೆ ಉತ್ತರ ಕೊಡ್ತಿದ್ದೀರಲ್ಲ" ಎಂದಳು.

ಹೆದ್ದಾರಿಯಿಂದ ತುಸು ಒಳಗೆ, ಬಡಗು ತೆಂಕಾಗಿ ಹಾದುಹೋಗುವ ಊರ ರಸ್ತೆಯ ಬದಿಯಲ್ಲಿ ಸಿಕ್ಕಿದ ಹೊಲವನ್ನು ನೋಡಲು ಹೋದದ್ದು ಮಾರ್ಚಿಯಲ್ಲಿ. ಹೂವೂ ಇಲ್ಲ, ಹುಲ್ಲೂ ಇಲ್ಲ. ಕೆಂಪು ಮಣ್ಣು ಕಾದ ಹಂಚಿನಂತೆ ಬಿದ್ದಿತ್ತು. ಆದರೂ ಕೊಂಡೆ. ಪಹಣಿಯ 9ನೇ ಕಾಲಮಿನಲ್ಲಿ ನನ್ನ ಹೆಸರು ಬಂದ ದಿನ ಅದಕ್ಕೆ ಚೌಕಟ್ಟು ಹಾಕಿಸುವವನಿದ್ದೆ. ಬೆಳೆಯ ವಿಷಯ ಬರೆಯುವುದು 12ನೇ ಕಾಲಮಿನಲ್ಲಿ ಎಂದು ಆಮೇಲೆ ತಿಳಿಯಿತು. ಅದು ಹೆಸರು ಬರೆಸಿದಷ್ಟು ಸುಲಭವಲ್ಲ.

ಸಲಹೆಗೇನೂ ಬರವಿರಲಿಲ್ಲ. ಚಾಮರಾಜನಗರದ ಭಾವಮೈದ ಅರಿಶಿನ ಹಾಕಿ ಎಂದ. ಅದಕ್ಕೆ ನೀರು ಬೇಕು, ಒಂಬತ್ತು ತಿಂಗಳ ತಾಳ್ಮೆಯೂ ಬೇಕು. ನನ್ನಲ್ಲಿ ಎರಡೂ ಇರಲಿಲ್ಲ. ಇನ್ನೊಬ್ಬರು ಸಣ್ಣ ಈರುಳ್ಳಿ ಎಂದರು, ಮತ್ತೊಬ್ಬರು ಕೇರಳದವರು ಕೊಳ್ಳುವ ನೇಂದ್ರ ಬಾಳೆ ಎಂದರು. ಕೊನೆಗೆ ನನ್ನ ಹುಚ್ಚಿನ ಮೂಲಕ್ಕೇ ಹೋಗಿ ಸೂರ್ಯಕಾಂತಿ ಎಂದು ತೀರ್ಮಾನಿಸಿದೆ. ರಸ್ತೆಯ ಆಚೆ ಬದಿಯ ಹೊಲದವರೂ ಅದನ್ನೇ ಹಾಕುವವರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು "ಮೇಷ್ಟ್ರೆ" ಎಂದೇ ಕರೆಯುತ್ತಿದ್ದರು, ನಾನು ಅವರನ್ನು "ಅಣ್ಣ" ಎನ್ನುತ್ತಿದ್ದೆ. ನಾನು "ರಸ್ತೆ ಪಕ್ಕದಲ್ಲೇ ಹೂ ಅರಳಿದರೆ ಎಷ್ಟು ಚೆಂದ ಅಲ್ಲವಾ?" ಎಂದಾಗ ಅವರು ನನ್ನ ಹೊಲ ನೋಡಿದರು, ಆಕಾಶ ನೋಡಿದರು, ಬೀಡಿ ಹಚ್ಚಿದರು. ಅಷ್ಟೇ.

ಭರಣಿ ಮಳೆ ಚೆನ್ನಾಗಿಯೇ ಬಂತು. ಉಳುಮೆ ಮಾಡಿಸಿ, ಹದ ನೋಡಿ ಬಿತ್ತಿಸಿದೆವು. ಮಾರನೆಯ ಬೆಳಗ್ಗೆ ನವಿಲುಗಳು ಬಂದು ಸಾಲು ತಪ್ಪದೆ ಬೀಜ ಹೆಕ್ಕುತ್ತಿದ್ದವು. ರಾಷ್ಟ್ರಪಕ್ಷಿಗೆ ಕಲ್ಲು ಬೀರುವಂತಿಲ್ಲ. ಕೈ ಚಪ್ಪಾಳೆ ತಟ್ಟಿದೆ, ಅದನ್ನು ಮೆಚ್ಚುಗೆ ಎಂದು ತಿಳಿದು ಒಂದು ನವಿಲು ಗರಿ ಬಿಚ್ಚಿತು. ಖಾಲಿ ಬಿದ್ದ ಕಡೆ ಮತ್ತೆ ಬೀಜ ಊರಿಸಿದ್ದಾಯಿತು.

ನಿಜವಾದ ಗಂಡಾಂತರ ಬಂದದ್ದು ಫೋನಿನಲ್ಲಿ. ಗಿಡ ಗೇಣುದ್ದ ಆಗಿರುವಾಗ ಒಂದು ರಾತ್ರಿ ಎದುರುಹೊಲದ ಅಣ್ಣ ಫೋನ್ ಮಾಡಿ, "ನಿಮ್ಮ ಹೊಲದಲ್ಲಿ ಎಲ್ಡು ಕುಂಟ ಹೊಡೀಬೇಕು ಮೇಷ್ಟ್ರೆ. ನಾನೇ ಹೊಡೀತೀನಿ ಬುಡಿ, ನೀವು ಬರದೇನೂ ಬ್ಯಾಡ" ಎಂದು ಇಟ್ಟುಬಿಟ್ಟರು.

ಗುಂಟೆಗೆ ಆ ಕಡೆ ಕುಂಟೆ ಎನ್ನುತ್ತಾರೆಂದು ದಲ್ಲಾಳಿಯಿಂದ ಕಲಿತಿದ್ದೆ. ಇರುವುದೇ 2 ಎಕರೆ 3 ಕುಂಟೆ. ಅದರಲ್ಲಿ ಎರಡು ಹೊಡೆಯುತ್ತೇನೆ ಎಂದು ಹೇಳಿಯೇ ಹೊಡೆಯುವ ಧೈರ್ಯವೇ! ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಒಂದು ಗುಂಟೆ ಎಂದರೆ 1,089 ಚದರಡಿ; ಎರಡು ಹೋದರೆ ಮೈಸೂರಿನ ನಮ್ಮ ಮನೆ, ಕಾಂಪೌಂಡು, ಹೆಂಡತಿಯ ತುಳಸಿಕಟ್ಟೆ ಎಲ್ಲ ಹೋದಷ್ಟಾಯಿತು. ಬೆಳಗ್ಗೆ ಹದ್ದುಬಸ್ತಿಗೆ ಅರ್ಜಿ ಬರೆದು ಜೇಬಿಗಿಟ್ಟುಕೊಂಡು, ನೂರಡಿ ಟೇಪು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದೆ.

ಹೊಲದಲ್ಲಿ ಅಣ್ಣ ತಮ್ಮದೇ ಎತ್ತು ಕಟ್ಟಿ, ಸೂರ್ಯಕಾಂತಿ ಸಾಲುಗಳ ನಡುವೆ ಕುಂಟೆ ಹೊಡೆಯುತ್ತಿದ್ದರು. ಅಡ್ಡ ಮರಕ್ಕೆ ಕಬ್ಬಿಣದ ಅಲಗು ಕೂರಿಸಿದ ಕುಂಟೆ. ಅಲಗು ಮಣ್ಣನ್ನು ಎರಡು ಬೆರಳಾಳ ಸೀಳಿಕೊಂಡು ಹೋಗುತ್ತಿತ್ತು. ಹಿಂದೆ ಕಳೆ ಬೇರು ಮೇಲಾಗಿ ಬೀಳುತ್ತಿತ್ತು. ಇವತ್ತೊಂದು ಸಲ, ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಎಲ್ಡು ಕುಂಟ.

"ಬ್ಯಾಡ ಅಂದಿದ್ನಲ್ಲ ಮೇಷ್ಟ್ರೆ. ಅದೇನದು ಟೇಪು?"

"ಗಿಡ ಎಷ್ಟುದ್ದ ಬಂದಿದೆ ನೋಡೋಣ ಅಂತ."

ಗೇಣುದ್ದದ ಗಿಡವನ್ನೂ ನೂರಡಿ ಟೇಪನ್ನೂ ಒಮ್ಮೆ ನೋಡಿ, ಅವರು ಎತ್ತು ತಿರುಗಿಸಿಕೊಂಡರು. ನಾನು ಗಿಡ ಅಳೆದೆ. ಅಳೆಯದೆ ಬೇರೆ ದಾರಿ ಇರಲಿಲ್ಲ.

ಜುಲೈ ಬಂತು, ಹೂವೂ ಬಂತು. ಎರಡು ಎಕರೆಗೆ ಎರಡೆಕರೆಯೂ ಹಳದಿ. ಬೆಂಗಳೂರಿನ ಕಾರು, ಕೇರಳ ನಂಬರಿನ ಕಾರು, ಎಲ್ಲ ಬಂದು ನಿಂತವು. ಇಳಿದವರು ನನ್ನ ಹೊಲದತ್ತ ಒಮ್ಮೆ ನೋಡಿ ರಸ್ತೆ ದಾಟಿ ಅಣ್ಣನ ಹೊಲಕ್ಕೆ ನಡೆದರು. ಅಲ್ಲಿ ಬದುವಿನ ಮೇಲೆ ಅಣ್ಣನ ಮೊಮ್ಮಗ ಸ್ಟೂಲು ಹಾಕಿಕೊಂಡು ಕೂತು, ಫೋಟೋಗೆ ತಲೆಗೆ ಇಪ್ಪತ್ತು ರೂಪಾಯಿ ಎತ್ತುತ್ತಿದ್ದ. ನನ್ನ ಹೂಗಳೆಲ್ಲ ರಸ್ತೆಗೆ ಬೆನ್ನು ಹಾಕಿ, ಹಳ್ಳದ ಕಡೆ ಮುಖ ಮಾಡಿ, ನನ್ನ ಮೇಲೆ ಮುನಿದವರಂತೆ ನಿಂತಿದ್ದವು.

"ಸಂಜೆ ಸೂರ್ಯ ಈ ಕಡೆ ಬಂದಾಗ ತಿರುಗ್ತಾವೆ" ಎಂದು ಅಣ್ಣನಿಗೆ ಸೂರ್ಯಾನುವರ್ತನೆಯ ಪಾಠ ಮಾಡಿದೆ. ಸಂಜೆಯಾಯಿತು. ಒಂದೂ ಅಲುಗಲಿಲ್ಲ. ಸೂರ್ಯನ ಹಿಂದೆ ಓಲಾಡುವುದು ಮೊಗ್ಗು, ಕಾಂಡ ಇನ್ನೂ ಬೆಳೆಯುವವರೆಗೆ ಮಾತ್ರ. ಹೂ ಅರಳುವ ಹೊತ್ತಿಗೆ ಕಾಂಡ ಬಲಿತು ಮುಖ ಪೂರ್ವಕ್ಕೇ ನಿಂತುಬಿಡುತ್ತದೆ. ಪಾಠದ ಮೊದಲರ್ಧವನ್ನು ಮೂವತ್ತು ವರ್ಷ ಮಾಡಿದ್ದೆ. ಪರೀಕ್ಷೆಗೆ ಬರುತ್ತಿದ್ದದ್ದು ಅಷ್ಟೇ.

"ನಿಮಗೆ ಮೊದಲೇ ಗೊತ್ತಿತ್ತಾ ಅಣ್ಣ?"

"ಮೇಷ್ಟ್ರಿಗೆ ಏನಂತ ಹೇಳದು ಅಂತ ಸುಮ್ಕಿದ್ದಿ. ಮುಂದ್ಲ ವರ್ಸ ಚೆಂಡೂವ ಹಾಕಿ. ಅದ್ಕ ಹಿಂದು ಮುಂದು ಅನ್ನದೇ ಇಲ್ಲ."

ಕೊನೆಗೆ ಗಿಣಿಗಳು ತಿಂದು ಬಿಟ್ಟ ಕಾಳನ್ನು ಮಾರಿದ್ದಾಯಿತು. ಉಳುಮೆ, ಬೀಜ, ಕೂಲಿ, ಬಸ್ ಚಾರ್ಜು ಕಳೆದು ಕೈಗೆ ಬಂದದ್ದಕ್ಕಿಂತ ಆ ಹುಡುಗನ ಸ್ಟೂಲಿನ ಸಂಪಾದನೆಯೇ ಹೆಚ್ಚು. ಗುಂಡ್ಲುಪೇಟೆ ಕಡೆ ಜಮೀನು ನೋಡುತ್ತಿರುವವರು ಯಾರಾದರೂ ಇದ್ದರೆ, ನೀರು, ದಾಖಲೆ, ಹಂದಿ ಕಾಟ ಎಲ್ಲವನ್ನೂ ವಿಚಾರಿಸಿಕೊಳ್ಳಿ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದರೆ ಮಾತ್ರ ಮುಂಗಡ ಕೊಡಿ.