ನೇರ ಮೇಯರ್: ಬಳಸುವ ವಿಧಾನ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಮೇಯರನ್ನು ಚಾಲೂ ಮಾಡಿ. ಓದದೆ ಚಾಲೂ ಮಾಡಿ, ಆಮೇಲೆ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ದೂರಿದರೆ ತಯಾರಕರು ಹೊಣೆಯಲ್ಲ. ತಯಾರಕರು ಎಂದರೆ ನಿಮ್ಮ ರಾಜ್ಯ ಸರ್ಕಾರ. ಮೇಯರನ್ನು ಹೇಗೆ ಆರಿಸಬೇಕು, ಅವರ ಕೈಗೆ ಎಷ್ಟು ಅಧಿಕಾರ ಕೊಡಬೇಕು ಎಂಬುದನ್ನು ಸಂವಿಧಾನದ 74ನೇ ತಿದ್ದುಪಡಿ ರಾಜ್ಯಗಳಿಗೇ ಬಿಟ್ಟಿದೆ. ಆದ್ದರಿಂದ ಪ್ರತಿ ರಾಜ್ಯದ ಸರಕೂ ಬೇರೆ.

ಮಾದರಿ ಗುರುತಿಸುವುದು

ಮಾರುಕಟ್ಟೆಯಲ್ಲಿ ಎರಡು ಮಾದರಿಗಳಿವೆ. ಕರ್ನಾಟಕದಲ್ಲಿ ಬಹುಕಾಲದಿಂದ ಓಡುತ್ತಿರುವುದು ಪರೋಕ್ಷ ಮಾದರಿ. ನೀವು ವಾರ್ಡಿನ ಕಾರ್ಪೊರೇಟರನ್ನು ಆರಿಸುತ್ತೀರಿ, ಅವರು ತಮ್ಮಲ್ಲೇ ಒಬ್ಬರನ್ನು ಮೇಯರ್ ಮಾಡುತ್ತಾರೆ. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಬಂದು ಕೈ ಎತ್ತುತ್ತಾರೆ. 2015ರಲ್ಲಿ ಬೆಂಗಳೂರಿನ 198 ವಾರ್ಡುಗಳಲ್ಲಿ 100 ಗೆದ್ದದ್ದು ಬಿಜೆಪಿ, ಮೇಯರ್ ಆದದ್ದು ಕಾಂಗ್ರೆಸ್ಸಿನವರು. ಎಲ್ಲವೂ ಕಾನೂನು ಪ್ರಕಾರವೇ. ಮತ ಹಾಕಿದವರು ಮಾತ್ರ ಟಿವಿ ಮುಂದೆ ಕೂತು ಎಣಿಕೆ ಮಾಡಿ ಮಾಡಿ ಸುಸ್ತಾದರು.

ಈ ಮಾದರಿಯ ಬ್ಯಾಟರಿ ಒಂದೇ ವರ್ಷ ಬಾಳುವುದು. ಮೊದಲ ಮೂರು ತಿಂಗಳು ಹಾರ, ಶಾಲು, ಮೈಸೂರು ಪೇಟಕ್ಕೆ ಹೋಗುತ್ತದೆ. ಆಮೇಲೆ ಒಂದಷ್ಟು ಗುದ್ದಲಿ ಪೂಜೆ. ಕೊನೆಯ ಮೂರು ತಿಂಗಳಲ್ಲಿ ಮುಂದಿನ ಮೇಯರ್ ಯಾರು, ಮೀಸಲಾತಿ ಯಾರಿಗೆ ಎಂಬ ಲೆಕ್ಕಾಚಾರ. ಮೈಸೂರಿನಲ್ಲಿ ಜಂಬೂಸವಾರಿಯ ದಿನ ಮೇಯರ್ ಕುದುರೆ ಏರುವ ವಾಡಿಕೆ ಇದೆ. ಅದಕ್ಕೆಂದು ಮೊದಲೇ ಸವಾರಿ ಕಲಿಯುತ್ತಾರೆ. ಕುದುರೆಗೆ ಇವರ ಗುರುತು ಹತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬೆಂಗಳೂರಿಗೆಂದು ಬರೆದ ಹೊಸ ಕಾನೂನುಗಳಲ್ಲಿ ಬ್ಯಾಟರಿಯನ್ನು 30 ತಿಂಗಳಿಗೆ ಏರಿಸಿದ್ದಾರೆ, ಮಾದರಿ ಹಳೆಯದೇ.

ಎರಡನೆಯದು ನೇರ ಮಾದರಿ. ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ಸಿಗುತ್ತದೆ. ಮತದಾರನಿಗೆ ಎರಡು ಮತ: ಒಂದು ವಾರ್ಡಿಗೆ, ಇನ್ನೊಂದು ಮೇಯರಿಗೆ. ರೆಸಾರ್ಟ್ ಬೇಡ, ಬಸ್ಸಿನಲ್ಲಿ ಕಾರ್ಪೊರೇಟರುಗಳನ್ನು ತುಂಬಿಕೊಂಡು ಗಡಿ ದಾಟಿಸುವುದು ಬೇಡ. ಇಡೀ ಊರನ್ನು ರೆಸಾರ್ಟಿಗೆ ಒಯ್ಯುವಷ್ಟು ದುಡ್ಡು ಇನ್ನೂ ಯಾವ ಪಕ್ಷದ ಬಳಿಯೂ ಇಲ್ಲ. ನನ್ನ ಮಟ್ಟಿಗೆ ಇದೇ ವಾಸಿ. ಆದರೂ ಪೆಟ್ಟಿಗೆ ಬಿಚ್ಚಿ ನೋಡಿಯೇ ಸಹಿ ಹಾಕಿ.

ಪೆಟ್ಟಿಗೆಯಲ್ಲಿ ಏನೇನಿದೆ

ಗೌನು, ಕೊರಳಿಗೆ ಸರ, ಕಾರು, ಒಂದು ದೊಡ್ಡ ಕೋಣೆ. ಇಷ್ಟನ್ನು ಎಣಿಸಿಕೊಂಡು ತೆಗೆದುಕೊಳ್ಳಿ. ಇನ್ನು ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಬೆಂಗಳೂರನ್ನೇ ಇಟ್ಟುಕೊಂಡು ನೋಡೋಣ. ನೀರು, ಒಳಚರಂಡಿ ಜಲಮಂಡಳಿಯದು. ಬಸ್ಸು ಬಿಎಂಟಿಸಿಯದು. ಕರೆಂಟು ಬೆಸ್ಕಾಂನದು. ಬಡಾವಣೆ ಬಿಡಿಎಯದು. ಮೆಟ್ರೊಗೆ ಬೇರೆಯೇ ನಿಗಮ. ಪೊಲೀಸರು ಗೃಹ ಇಲಾಖೆಯವರು. ಆಯುಕ್ತರನ್ನು ಕಳಿಸುವುದೂ, ವಾಪಸು ಕರೆಸಿಕೊಳ್ಳುವುದೂ ಸರ್ಕಾರವೇ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿಯೇನೋ ಇದೆ. ರಿಮೋಟ್ ಮಾತ್ರ ವಿಧಾನಸೌಧದ ಮೇಜಿನ ಮೇಲೇ ಉಳಿದಿದೆ.

ತುಂಬಿದ ಪೆಟ್ಟಿಗೆ ಹೇಗಿರುತ್ತದೆ ಎಂದು ನೋಡುವ ಆಸೆಯಿದ್ದರೆ ಲಂಡನ್ ಕಡೆ ತಿರುಗಿ. ಅಲ್ಲಿ 2000ದಲ್ಲಿ ಜನ ಮೊದಲ ಬಾರಿ ಮೇಯರನ್ನು ನೇರವಾಗಿ ಆರಿಸಿದರು. ಗೆದ್ದ ಕೆನ್ ಲಿವಿಂಗ್‌ಸ್ಟನ್ ಪಕ್ಷೇತರ. 2003ರಲ್ಲಿ ಅವರು ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು. ಬೈಗುಳ ತಿಂದರು, ಮರುವರ್ಷ ಮತ್ತೆ ಗೆದ್ದರು. ನಗರದ ಸಾರಿಗೆ ಸಂಸ್ಥೆ ಅವರ ಕೈಕೆಳಗೇ ಇತ್ತು, ಅದಕ್ಕೇ ಸಾಧ್ಯವಾಯಿತು. ನಮ್ಮ ಮೇಯರ್ ಸಿಲ್ಕ್ ಬೋರ್ಡಿನಲ್ಲಿ ಇಂಥದ್ದೊಂದು ಮಾಡಲು ಹೊರಟರೆ ಮೊದಲು ಎಷ್ಟು ಕಚೇರಿಗಳ ಬಾಗಿಲು ತಟ್ಟಬೇಕೋ! ಅಲ್ಲಿಗೆ ಹೋಗುವುದಕ್ಕೂ ಅದೇ ಸಿಲ್ಕ್ ಬೋರ್ಡ್ ದಾಟಬೇಕು.

ದೋಷಗಳು

ಮೇಯರ್ ಒಂದು ಪಕ್ಷ, ಪಾಲಿಕೆ ಇನ್ನೊಂದು ಪಕ್ಷ ಆಗಿಬಿಟ್ಟರೆ? ಶಿಮ್ಲಾದಲ್ಲಿ ಆಗಿದೆ. 2012ರಲ್ಲಿ ಅಲ್ಲಿಯ ಜನ ಮೇಯರ್, ಉಪಮೇಯರ್ ಇಬ್ಬರನ್ನೂ ನೇರವಾಗಿ ಆರಿಸಿದರು. ಎರಡೂ ಸಿಪಿಎಂ ಪಾಲಾದವು. 25 ವಾರ್ಡುಗಳ ಪಾಲಿಕೆಯಲ್ಲಿ ಆ ಪಕ್ಷಕ್ಕೆ ಬಂದದ್ದು ಮೂರೇ ಸ್ಥಾನ. ದೋಷ ರಿಪೇರಿ ಮಾಡುವ ಬದಲು ಮುಂದಿನ ಚುನಾವಣೆಯ ಹೊತ್ತಿಗೆ ಮಾದರಿಯನ್ನೇ ಅಂಗಡಿಯಿಂದ ಎತ್ತಿಬಿಟ್ಟರು.

ಹೀಗೆ ಎತ್ತುವುದು, ಮತ್ತೆ ತಂದಿಡುವುದು ಮಾಮೂಲು. ಮಧ್ಯಪ್ರದೇಶದಲ್ಲಿ 2019ರಲ್ಲಿ ನೇರ ಆಯ್ಕೆ ಹೋಯಿತು, ಸರ್ಕಾರ ಬದಲಾಯಿತು, 2022ರಲ್ಲಿ ವಾಪಸು ಬಂತು. ಛತ್ತೀಸ್‌ಗಢದಲ್ಲೂ 2019ರಲ್ಲಿ ಹೋದದ್ದು 2025ರಲ್ಲಿ ಬಂತು. ತಮಿಳುನಾಡಿನ ಕತೆ ಇನ್ನೂ ಸೊಗಸು. 1996ರಲ್ಲಿ ಎಂ.ಕೆ. ಸ್ಟಾಲಿನ್ ಜನರಿಂದ ನೇರವಾಗಿ ಆರಿಸಿಬಂದು ಚೆನ್ನೈ ಮೇಯರ್ ಆದರು, 2001ರಲ್ಲಿ ಮತ್ತೆ ಗೆದ್ದರು. ಒಬ್ಬರಿಗೆ ಎರಡು ಚುನಾಯಿತ ಹುದ್ದೆ ಕೂಡದೆಂದು 2002ರಲ್ಲಿ ಕಾನೂನು ಬಂತು, ಶಾಸಕರೂ ಆಗಿದ್ದ ಅವರು ಮೇಯರ್ ಕುರ್ಚಿ ಬಿಟ್ಟರು. 2022ರಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ನಗರಪಾಲಿಕೆಗಳಿಗೆ ಚುನಾವಣೆ ನಡೆಯಿತು. ಮೇಯರುಗಳನ್ನು ಆರಿಸಿದವರು ಕೌನ್ಸಿಲರುಗಳು.

ವಾಪಸು ಪಡೆಯುವುದು

ಮಧ್ಯಪ್ರದೇಶದಲ್ಲಿ ಈ ಸೌಲಭ್ಯವೂ ಉಂಟು. ನೇರವಾಗಿ ಆರಿಸಿದ ಪುರಸಭೆ ಅಧ್ಯಕ್ಷರು ಬೇಡವೆನಿಸಿದರೆ ಮತ್ತೆ ಮತದಾನ. ಮತಪತ್ರದಲ್ಲಿ ಎರಡೇ ಚಿತ್ರ: ಖಾಲಿ ಕುರ್ಚಿ, ತುಂಬಿದ ಕುರ್ಚಿ. 2001ರಲ್ಲಿ ಅನೂಪ್‌ಪುರದ ಜನ ಖಾಲಿ ಕುರ್ಚಿಗೆ ಮತ ಹಾಕಿ ಅಧ್ಯಕ್ಷರನ್ನು ಮನೆಗೆ ಕಳಿಸಿದರು. ಬೆಂಗಳೂರಿಗೆ ಖಾಲಿ ಕುರ್ಚಿ ಮತದಾನವಿಲ್ಲದೆಯೇ ಸಿಕ್ಕಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು, ಐದು ವರ್ಷ ಕಳೆದರೂ ಚುನಾವಣೆ ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಐದು ಮೇಯರ್ ಕುರ್ಚಿ, ಒಂದಕ್ಕೂ ನೇರ ಆಯ್ಕೆಯಿಲ್ಲ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು.

ಗ್ರಾಹಕರಿಗೆ ಸೂಚನೆ

ನೇರ ಮೇಯರ್ ಕೊಡಿಸುತ್ತೇವೆ ಎಂದು ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದರೆ ಒಳಗೆ ಕರೆದು ಕಾಫಿ ಕೊಡಿ. ಜಲಮಂಡಳಿ, ಬಿಎಂಟಿಸಿ, ಆಯುಕ್ತರ ವರ್ಗಾವಣೆ, ಈ ಮೂರರಲ್ಲಿ ಯಾವುದನ್ನು ಪೆಟ್ಟಿಗೆಗೆ ಹಾಕಿ ಕೊಡುತ್ತೀರಿ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.