ಪಿನ್ನು ಮುಟ್ಟದ ಚಕ್ರ

ಡಿಸೈನ್ ಪ್ರಾಜೆಕ್ಟ್ ಎಂದೊಡನೆ ನಮ್ಮ ಕ್ಲಾಸಿನ ಅರ್ಧ ಜನ ಸ್ಕ್ರೂ ಜಾಕಿಗೂ ಉಳಿದರ್ಧ ಪ್ಲಮ್ಮರ್ ಬ್ಲಾಕಿಗೂ ಮುಗಿಬಿದ್ದರು. ಅವುಗಳ ಫೈಲು ಸೀನಿಯರ್‌ಗಳ ಪೆನ್‌ಡ್ರೈವಿನಲ್ಲಿ ತಲೆತಲಾಂತರದಿಂದ ಇಳಿದು ಬಂದಿತ್ತು. ನಮ್ಮ ಬ್ಯಾಚು ಮಾತ್ರ ಜಿನೀವಾ ಮೆಕ್ಯಾನಿಸಂ ಹಿಡಿಯಿತು. ಇದಕ್ಕೆ ನನ್ನ ಸೋದರಮಾವನೇ ಕಾರಣ.

ಮಾವ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. 35 ಎಂಎಂ ಪ್ರೊಜೆಕ್ಟರಿನ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮಿಂದುಕೊಂಡೇ ಇರುವ ಯಂತ್ರ ಈ ಜಿನೀವಾ. ಒಂದು ಡಿಸ್ಕು, ಅದರ ಮೇಲೊಂದು ಪಿನ್ನು, ಪಕ್ಕದಲ್ಲಿ ನಾಲ್ಕು ಸೀಳಿನ ಚಕ್ರ. ಡಿಸ್ಕು ಒಂದು ಸುತ್ತು ಬರುವಷ್ಟರಲ್ಲಿ ಪಿನ್ನು ಸೀಳಿನೊಳಕ್ಕೆ ನುಗ್ಗಿ, ಚಕ್ರವನ್ನು ಕಾಲು ಸುತ್ತು ತಳ್ಳಿ ಆಚೆ ಬಂದಿರುತ್ತದೆ. ರೀಲು ಒಂದು ಚಿತ್ರದಷ್ಟು ಮುಂದೆ ಸರಿಯುವುದು ಆ ಕಾಲು ಸುತ್ತಿನಲ್ಲಿ ಮಾತ್ರ. ಉಳಿದ ಮುಕ್ಕಾಲು ಸುತ್ತು ಚಕ್ರಕ್ಕೆ ರಜೆ. ಸೆಕೆಂಡಿಗೆ 24 ಚಿತ್ರ, ಅಂದರೆ ಡಿಸ್ಕು ನಿಮಿಷಕ್ಕೆ 1,440 ಸುತ್ತು. ಕಾಲುಭಾಗ ದುಡಿದು ಮುಕ್ಕಾಲುಭಾಗ ಸುಮ್ಮನಿರುವ ಯಂತ್ರ ನಮ್ಮ ನಾಲ್ವರ ಬ್ಯಾಚಿಗೆ ಹೇಳಿ ಮಾಡಿಸಿದಂತಿತ್ತು. ದುಡಿಯುವ ಕಾಲುಭಾಗ ನಾನಾದೆ.

ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಬರೆದದ್ದು ಒಂದೇ ಸಂಜೆಯಲ್ಲಿ. ಕೂಡಿಸುವಾಗ ಪ್ರಾಣ ಹೋಯಿತು. ಕಂಪ್ಯೂಟರಿನ ಲೋಕದಲ್ಲಿ ಭಾರವಿಲ್ಲ. ನಟ್ಟನ್ನು ಎಲ್ಲಿ ಬಿಟ್ಟರೆ ಅಲ್ಲೇ ತ್ರಿಶಂಕುವಿನ ಹಾಗೆ ತೇಲುತ್ತಿರುತ್ತದೆ. ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವುದಕ್ಕೆ ‘ಮೇಟ್’ ಅಂತಾರೆ. ಮದುವೆ ಅಂತಲೇ ತಿಳಿದುಕೊಳ್ಳಿ. ಕಟ್ಟುಪಾಡು ಒಂದು ಕಡಿಮೆಯಾದರೆ ಚಕ್ರ ಊರು ಬಿಟ್ಟು ಹೋಗುತ್ತದೆ, ಒಂದು ಹೆಚ್ಚಾದರೆ ಇಡೀ ಮನೆ ಕೆಂಪಗಾಗಿ ಜಗಳಕ್ಕೆ ನಿಲ್ಲುತ್ತದೆ.

ಅಂತೂ ಡಿಸ್ಕಿಗೆ ಮೋಟರು ಕೊಟ್ಟೆ. ಪಿನ್ನು ಬಂತು, ಚಕ್ರದ ಮೈಯೊಳಗೆ ದೆವ್ವದ ಹಾಗೆ ತೂರಿಕೊಂಡು ಆಚೆ ಹೋಯಿತು. ಚಕ್ರ ಮಿಸುಕಲಿಲ್ಲ. ಎರಡು ವಸ್ತು ಒಂದೇ ಜಾಗದಲ್ಲಿ ಇರಲಾರವು ಎಂಬುದನ್ನೂ ಕಂಪ್ಯೂಟರಿಗೆ ನಾವೇ ಹೇಳಿಕೊಡಬೇಕಂತೆ! ಹೇಳಿಕೊಟ್ಟೆ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಿತು, ಚಕ್ರ ಪರದೆಯಿಂದಾಚೆ ಎಗರಿಹೋಯಿತು.

ರಾತ್ರಿ ಎರಡು ಗಂಟೆಗೆ ಧರ್ಮ ಬಿಟ್ಟೆ. ಚಕ್ರಕ್ಕೂ ಪಿನ್ನಿಗೂ ಸಂಬಂಧ ಕಡಿದು, ಇಷ್ಟನೇ ಸೆಕೆಂಡಿಗೆ ತಿರುಗು, ಇಷ್ಟನೇ ಸೆಕೆಂಡಿಗೆ ನಿಲ್ಲು ಎಂದು ಚಕ್ರಕ್ಕೆ ಬೇರೆಯೇ ಟೈಮ್‌ಟೇಬಲ್ ಹಾಕಿದೆ. ಅಸಲಿ ಚಕ್ರ ಮೆಲ್ಲಗೆ ಹೊರಟು, ನಡುವೆ ರಭಸವಾಗಿ, ಮತ್ತೆ ಮೆಲ್ಲಗಾಗಿ ನಿಲ್ಲುತ್ತದೆ. ನನ್ನದಕ್ಕೆ ಆ ತಾಳ ಪೂರ್ತಿ ಕೂಡಲಿಲ್ಲ. ಪಿನ್ನು ಅಲ್ಲಲ್ಲಿ ಸೀಳಿನ ಗೋಡೆಯಲ್ಲಿ ಹೂತುಕೊಳ್ಳುತ್ತಿತ್ತು. ಪಿನ್ನನ್ನೇ ಗಿಡ್ಡ ಮಾಡಿಬಿಟ್ಟೆ.

ಅರ್ಧ ನಿಮಿಷದ ವಿಡಿಯೋಗೆ 720 ಚಿತ್ರ. ಒಂದೊಂದನ್ನು ಕಂಪ್ಯೂಟರು ಬಿಡಿಸಿ ಮುಗಿಸಲು, ಅಂದರೆ ರೆಂಡರ್ ಮಾಡಲು, ಎರಡೆರಡು ನಿಮಿಷ. ಶನಿವಾರ ಊರಿನ ಮನೆಯಲ್ಲಿ ರೆಂಡರಿಗೆ ಇಟ್ಟು, ಕರೆಂಟು ಹೋಗದಿರಲಪ್ಪಾ ಎಂದು ದೇವರಿಗೆ ತುಪ್ಪದ ದೀಪ ಹರಸಿಕೊಂಡು ಕೂತೆ. ಮಾವ ಬಂದು ಲೆಕ್ಕ ಕೇಳಿದರು.

“ನನ್ನ ಮಿಷನ್ನು ಒಂದು ನಿಮಿಷಕ್ಕೆ 1,440 ಸುತ್ತು ಹೊಡೀತಿತ್ತು. ನಿಂದು ಅರ್ಧ ನಿಮಿಷ ಓಡೋಕೆ 1,440 ನಿಮಿಷವೇನೋ?”

ಆಮೇಲೆ ಕನ್ನಡಕ ಏರಿಸಿಕೊಂಡು ಪರದೆ ನೋಡಿದರು. “ಅಲ್ವೋ, ಚಕ್ರ ನಿಂತಾಗ ಅದನ್ನ ಹಿಡ್ಕೊಳ್ಳೋರು ಯಾರು?”

ಡಿಸ್ಕಿನ ನಡುವೆ ಚಂದ್ರನ ಹಾಗೆ ಕಚ್ಚು ಬಿದ್ದ ಒಂದು ದಿಣ್ಣೆ ಇರಬೇಕು. ಪಿನ್ನು ಆಚೆ ಹೋದಾಗ ಚಕ್ರ ಅಲ್ಲಾಡದಂತೆ ಹಿಡಿಯುವ ಬೀಗ ಅದೇ. ಬರೆಯುವುದು ಕಷ್ಟವೆಂದು ನಾನು ಬಿಟ್ಟುಬಿಟ್ಟಿದ್ದೆ.

“ನಾನೇ ಮಾವ,” ಅಂದೆ. “ನಿಲ್ಲು ಅಂದಿದ್ದೀನಿ, ನಿಂತಿದೆ.”

ಬೀಗವನ್ನು ರಿಪೋರ್ಟಿನ ಡ್ರಾಯಿಂಗಿಗೆ ಸೇರಿಸಿದೆ. ವಿಡಿಯೋಗೆ ಇನ್ನೊಂದು 1,440 ನಿಮಿಷ ಕೊಡುವಷ್ಟು ತುಪ್ಪ ಮನೆಯಲ್ಲಿರಲಿಲ್ಲ.

ಸೋಮವಾರ ವೈವಾಗೆ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ವಿಡಿಯೋವನ್ನು ಎರಡು ಸಲ ನೋಡಿದರು. “ಎಲ್ಲೂ ಉಜ್ಜಾಟವೇ ಇಲ್ಲವಲ್ರೀ, ಬಹಳ ಸ್ಮೂತಾಗಿದೆ,” ಅಂದರು. ಪಿನ್ನಿನ ತುದಿಗೂ ಚಕ್ರಕ್ಕೂ ನಡುವೆ ಎರಡು ಮಿಲಿಮೀಟರ್ ಖಾಲಿ ಜಾಗವಿತ್ತು.