ನಾಲ್ಕನೇ ಹೊಟ್ಟೆಯ ಅಮ್ಮಾವ್ರಿಗೆ

ಗೆ,
ಶ್ರೀಮತಿ ಹೀಮಾಂಕಸ್ ಅಮ್ಮಾವ್ರು,
ನಾಲ್ಕನೇ ಹೊಟ್ಟೆ, ಮೂರು ತಿಂಗಳ ಕುರಿಮರಿ,
ಚಳ್ಳಕೆರೆ ಸೀಮೆ.

ಅಮ್ಮಾವ್ರೇ,

ನಾನು ಇಲ್ಲಿ ಅಷ್ಟಕ್ಕಷ್ಟೇ. ನೀವು ಅಲ್ಲಿ ಸಕುಟುಂಬ ಸಪರಿವಾರ ಕ್ಷೇಮವೆಂದು ಹಿಕ್ಕೆ ಪರೀಕ್ಷೆಯ ಚೀಟಿಯಿಂದ ತಿಳಿಯಿತು. ಜಂತುಹುಳದ ಔಷಧಿ ಕುಡಿಸಿ 14 ದಿನ ಕಳೆದರೂ ನಿಮ್ಮ ಮೊಟ್ಟೆಗಳ ಲೆಕ್ಕ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆಯಂತೆ. ಅಭಿನಂದನೆಗಳು.

ನಿಮ್ಮ ದರ್ಶನವಾದದ್ದು ಮೊನ್ನೆ, ಸತ್ತ ಮರಿಯ ಹೊಟ್ಟೆ ಕೊಯ್ದಾಗ. ರಕ್ತ ತುಂಬಿದ ಕೆಂಪು ಕರುಳು, ಅದಕ್ಕೆ ಸುತ್ತಿಕೊಂಡ ಬಿಳಿ ಅಂಡಾಶಯ. ಕೆಂಪು ಬಿಳಿ ಎಳೆ ಸೇರಿಸಿ ಹುರಿ ಹೊಸೆದಂತಿದ್ದಿರಿ. ಇಂಚುದ್ದದ ಮೈಯಲ್ಲಿ ದಿನಕ್ಕೆ 5,000ದಿಂದ 10,000 ಮೊಟ್ಟೆ! ಊಟವೋ, ತೀರಾ ಮಿತ: ತಲೆಗೆ ದಿನಕ್ಕೊಂದು ಹನಿ ರಕ್ತ, ಅಂದರೆ 0.05 ಮಿ.ಲೀ. ಪಂಕ್ತಿಗೆ ಸಾವಿರ ಜನ ಕೂತರೆ ಮಾತ್ರ 50 ಮಿ.ಲೀ. ಆಗುತ್ತದೆ. 15 ಕೆ.ಜಿ. ಮರಿಯ ಮೈಯಲ್ಲಿರುವುದೇ ಸುಮಾರು ಒಂದು ಲೀಟರು.

ನಿಮ್ಮ ಈ ಏಳಿಗೆಯಲ್ಲಿ ನನ್ನ ಅಳಿಲು ಸೇವೆಯೂ ಇದೆ. ಅದನ್ನು ನೆನಪಿಸಲೆಂದೇ ಈ ಪತ್ರ.

ಮೊದಲನೆಯದಾಗಿ, ನಾನು ಸದಾ ತಪ್ಪು ಆರೋಪಿಯನ್ನೇ ಹಿಡಿದೆ. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ತುಂಡು ಕಂಡರೆ ಸಾಕು, ಹಟ್ಟಿಯೆಲ್ಲ ಹೌಹಾರುತ್ತಿತ್ತು. ಅದು ಲಾಡಿಹುಳು. ಸಣ್ಣ ಕರುಳಿನಲ್ಲಿ ಮೀಟರುಗಟ್ಟಲೆ ಬೆಳೆದು ಮೈಚಾಚಿ ಮಲಗಿದರೂ ಸಾಮಾನ್ಯವಾಗಿ ಮರಿಯ ಜೀವ ತೆಗೆಯುವಷ್ಟು ಕೆಟ್ಟದ್ದಲ್ಲ. ಕಾಣಿಸಿಕೊಂಡದ್ದೇ ಅದರ ತಪ್ಪು. ನೀವು ಹಿಕ್ಕೆಯಲ್ಲಿ ಮುಖ ತೋರಿಸುವವರಲ್ಲ. ಹೆಚ್ಚಾಗಿ ಭೇದಿಯನ್ನೂ ಮಾಡಿಸುವವರಲ್ಲ. ಮರಿ ಬಿಳಿಚಿಕೊಂಡು, ಗದ್ದದ ಕೆಳಗೆ ನೀರು ತುಂಬಿ ಬಾತುಕೊಂಡಾಗಲೇ ನಮಗೆ ನಿಮ್ಮ ವಿಳಾಸ ಗೊತ್ತಾಗುವುದು.

ಎರಡನೆಯದು, ಅಳತೆಯ ಸೇವೆ. ಸಂತೆಯಲ್ಲಿ ಮರಿ ಮಾರುವಾಗ ಕೈಯಲ್ಲಿ ಎತ್ತಿ ನೋಡಿ 'ಹದಿನೆಂಟು ಕೆ.ಜಿ., ನಮ್ಮಪ್ಪನಾಣೆ' ಎನ್ನುವವನು ನಾನು. ಔಷಧಿ ಕುಡಿಸುವಾಗ ಅದೇ ಮರಿ ಹತ್ತು ಕೆ.ಜಿ.ಗೆ ಇಳಿಯುತ್ತದೆ. ಬಾಟಲಿಯ ಮುಚ್ಚಳವೇ ಅಳತೆ. ಕಡಿಮೆ ಬಿದ್ದರೆ ಒಂದಿಷ್ಟು ನೀರು. ಆ ಅರೆಬರೆ ಮದ್ದಿಗೆ ನಿಮ್ಮಲ್ಲಿ ಬಡಪಾಯಿಗಳು ಸತ್ತರು, ಗಟ್ಟಿಗರು ಉಳಿದು ಸಂಸಾರ ಹೂಡಿದರು. ಇದಕ್ಕಿಂತ ಒಳ್ಳೆಯ ತಳಿ ಅಭಿವೃದ್ಧಿಯನ್ನು ನನ್ನ ಟಗರುಗಳಿಗೂ ನಾನು ಮಾಡಿಲ್ಲ.

ನಿಮ್ಮ ವಂಶದ ಚರಿತ್ರೆಯೇ ಹಾಗಂತೆ. 1961ರಲ್ಲಿ ಥಯಾಬೆಂಡಜೋಲ್ ಎಂಬ ಹುಳದ ಔಷಧಿ ಬಂತು. 1964ರ ಹೊತ್ತಿಗೇ ಕೆಲವು ಹುಳುಗಳಿಗೆ ಅದು ನಾಟುತ್ತಿಲ್ಲವೆಂಬ ವರದಿಯೂ ಬಂತು. ಐವರ್‌ಮೆಕ್ಟಿನ್ ಎಂಬ ಇನ್ನೊಂದು ಔಷಧಿ ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಅದಕ್ಕೆ ಎಷ್ಟೋ ಮೊದಲೇ ಹಲವು ದೇಶಗಳಲ್ಲಿ ನಿಮ್ಮವರಿಗೆ ಅದು ಪಾನಕವಾಗಿತ್ತು. ನಾನಂತೂ ವರ್ಷಾನುಗಟ್ಟಲೆ ಒಂದೇ ಬಿಳಿ ಔಷಧಿಯನ್ನು ಕುಡಿಸಿ, ನಿಮಗೆ ರುಚಿ ಬದಲಾಗದಂತೆ ನೋಡಿಕೊಂಡೆ.

ಮೂರನೆಯದು, ಮೇವಿನ ಸೇವೆ. ಮಳೆಗಾಲದಲ್ಲಿ ಹೊತ್ತು ಮೂಡುವ ಮೊದಲೇ ಮರಿಗಳನ್ನು ಕೆರೆಯಂಗಳಕ್ಕೆ ಹೊಡೆದೆ. ಇಬ್ಬನಿಯ ಹನಿ ಹಿಡಿದು ಹುಲ್ಲಿನ ತುದಿಗೇರಿದ ನಿಮ್ಮ ಮಕ್ಕಳು ಬಸ್ಸಿಗೆ ಕಾದವರಂತೆ ಅಲ್ಲೇ ಇದ್ದರು. ಮೂರು ವಾರದೊಳಗೆ ಅವರೂ ಹೆತ್ತವರಾದರು. ಇನ್ನು ಇಡೀ ಹಿಂಡಿಗೆ ಔಷಧಿ ಕುಡಿಸಿ ಮರುದಿನವೇ ಹೊಸ ಹುಲ್ಲಿಗೆ ಹೊಡೆಯುವ ನನ್ನ ಜಾಣತನ ನೆನಪಿದೆಯೇ? ಔಷಧಿಗೆ ಜಗ್ಗದ ನಿಮ್ಮ ಸಂತಾನವೊಂದನ್ನೇ ಮೆರವಣಿಗೆಯಲ್ಲಿ ಕರೆದೊಯ್ದು ಗೃಹಪ್ರವೇಶ ಮಾಡಿಸಿದಂತಾಯಿತು.

ಆದರೆ ಅಮ್ಮಾವ್ರೇ, ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ. ಡಾಕ್ಟರು ಒಂದು ಮರಿಯ ಕಣ್ಣಿನ ಕೆಳರೆಪ್ಪೆ ಮಗುಚಿ, ಪಕ್ಕದಲ್ಲಿ ಐದು ಬಣ್ಣದ ಚೀಟಿ ಹಿಡಿದರು. ಫಮಾಚಾ ಎಂದು ಅದರ ಹೆಸರು. ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಂತೆ. ರೆಪ್ಪೆಯ ಒಳಗು ಕಡುಗೆಂಪಿದ್ದರೆ ಒಂದು, ಸುಣ್ಣದಂತಿದ್ದರೆ ಐದು. ಒಂದು, ಎರಡಕ್ಕೆ ಔಷಧಿ ಬೇಡ. ನಾಲ್ಕು, ಐದಕ್ಕೆ ಬೇಕೇಬೇಕು. ಮರಿಯಾದರೆ ಮೂರಕ್ಕೂ ಕುಡಿಸು ಎಂದರು. ಗದ್ದ ಬಾತಿದ್ದರೆ ಬಣ್ಣ ನೋಡುತ್ತ ಕೂರಬೇಡ ಎಂದೂ ಹೇಳಿದರು. ಕತ್ತಲಲ್ಲಿ ಕೂಗು ಕೇಳಿಯೇ ಇದು ಯಾವ ತಾಯಿಯ ಮರಿ ಎಂದು ಹೇಳಬಲ್ಲ ನಾನು, ಔಷಧಿಯ ದಿನ ಮಾತ್ರ ಅಷ್ಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಒಂದರ ಕಣ್ಣನ್ನೂ ನೋಡಿದವನಲ್ಲ.

ಇನ್ನು ಮೇಲೆ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕಣ್ಣು ನೋಡುತ್ತೇನೆ, ತಕ್ಕಡಿಗೆ ಹಾಕಿ ತೂಗುತ್ತೇನೆ. ಯಾವ ಔಷಧಿ ಎಂಬುದನ್ನು ಹಿಕ್ಕೆ ಪರೀಕ್ಷೆ ಹೇಳಲಿ, ಅಂಗಡಿಯವನಲ್ಲ.

ಕೊನೆಯದಾಗಿ ಒಂದು ಶುಭ ಸಮಾಚಾರ. ಕೆಂಪು ಕಣ್ಣಿನ ಮರಿಗಳಿಗೆ ಔಷಧಿ ಕುಡಿಸದೆ ಬಿಡುವುದರಿಂದ, ಔಷಧಿ ಎಂದರೆ ಇಂದಿಗೂ ನಡುಗುವ ನಿಮ್ಮ ಬಡ ನೆಂಟರು ಅವುಗಳ ಹೊಟ್ಟೆಯಲ್ಲಿ ಬದುಕಿ ಉಳಿಯುತ್ತಾರೆ. ಬೇಕೆಂದೇ ಉಳಿಸುತ್ತಿದ್ದೇನೆ. ನಿಮ್ಮ ಗಟ್ಟಿಗಿತ್ತಿ ಹೆಣ್ಣುಮಕ್ಕಳಿಗೆ ಆ ಪುಕ್ಕಲು ಗಂಡುಗಳೇ ಜೋಡಿ. ಸಂಬಂಧ ಕುದುರಲಿ, ಮೊಮ್ಮಕ್ಕಳು ತಂದೆಯನ್ನೇ ಹೋಲಲಿ.

ಮದುವೆಯ ಊಟದ ಖರ್ಚು ಹೇಗೂ ನನ್ನ ಮರಿಗಳದ್ದೇ.

ಇಂತಿ ನಿಮ್ಮ ಮಾಜಿ ಸೇವಕ,
ಒಬ್ಬ ಕುರಿಗಾಹಿ